ನಜರೇತಿನ ಯೇಸು, ಬನವಾಸಿಯ ಮಯೂರಶರ್ಮ

ಯೇಸು ಎಂಬ ಮನುಷ್ಯ ನಿಜವಾಗಿ ಬದುಕಿದ್ದನೇ ಅಥವಾ ಆತ ಪುರಾಣದ ಒಂದು ಪಾತ್ರ ಮಾತ್ರವೇ ಎಂಬ ಚರ್ಚೆ ಯುರೋಪಿನಲ್ಲಿ ಹುಟ್ಟಿ ಇನ್ನೂರು ವರ್ಷಗಳ ಮೇಲಾಯಿತು. ಈಗ ಅದು ಮೊಬೈಲಿನ ಮೂಲಕ ನಮ್ಮ ಊರುಗಳಿಗೂ ಬಂದು ಮುಟ್ಟಿದೆ. ನಾನು ಕಾರವಾರದಲ್ಲಿ ಇತಿಹಾಸ ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಯನ್ನು ಅಪರೂಪಕ್ಕೆ ಯಾರಾದರೂ ವಿದ್ಯಾರ್ಥಿ ಎತ್ತುವುದಿತ್ತು. ನಿವೃತ್ತನಾಗಿ ಶಿರಸಿಗೆ ಮರಳಿದ ಮೇಲೆ ಮದುವೆಮನೆಯ ಜಗಲಿಯಲ್ಲೂ ಸೊಸೈಟಿಯ ಅಂಗಳದಲ್ಲೂ ಅದು ಕಿವಿಗೆ ಬೀಳುತ್ತಿದೆ. ಮೊನ್ನೆ ನನ್ನ ತಂಗಿಯ ಮಗ, "ಮಾವಾ, ಯೇಸು ಅನ್ನುವವ ಇದ್ದ ಎನ್ನುವುದಕ್ಕೆ ಒಂದೇ ಒಂದು ಪುರಾವೆಯೂ ಇಲ್ಲವಂತೆ, ಹೌದಾ?" ಎಂದು ಕೇಳಿದ. ಅವನಿಗೆ ಆಗ ನಾಲ್ಕು ಮಾತು ಹೇಳಿದೆನಾದರೂ ವಿಷಯ ನಾಲ್ಕು ಮಾತಿನಲ್ಲಿ ಮುಗಿಯುವಂಥದ್ದಲ್ಲವೆಂದು ಇದನ್ನು ಬರೆಯುತ್ತಿದ್ದೇನೆ.

ಈ ಪ್ರಶ್ನೆಯನ್ನು ಕೇಳುವವರಲ್ಲಿ ಬಹಳ ಜನ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡಿರುತ್ತಾರೆ ಎಂಬುದು ನನ್ನ ಅನುಭವ. ಹೊನ್ನಾವರದಿಂದ ಕಾರವಾರದವರೆಗಿನ ಕರಾವಳಿಯಲ್ಲಿ ಕೊಂಕಣಿ ಮಾತಿನ ಕ್ರೈಸ್ತರು ಶತಮಾನಗಳಿಂದ ನಮ್ಮ ನೆರೆಹೊರೆಯವರಾಗಿ ಬಾಳಿದ್ದಾರೆ. ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳಗಳ ಸಿದ್ದಿಗಳಲ್ಲಿಯೂ ಒಂದು ಪಂಗಡ ಕ್ರೈಸ್ತರದು. ಅವರ ದೇವರು ಕಟ್ಟುಕಥೆಯೆಂದು ಸಾಧಿಸಿಬಿಟ್ಟರೆ ತಮ್ಮ ಕಡೆಗೆ ಏನೋ ಗೆಲುವಾಯಿತೆಂದು ತಿಳಿಯುವ ಕೆಲವರಿದ್ದಾರೆ. ಇನ್ನೊಂದು ಕಡೆ, ಯೇಸುವಿನ ಜೀವನವನ್ನು ಹೇಳುವ ಬೈಬಲಿನ ಸುವಾರ್ತೆಗಳಲ್ಲಿ ಬರೆದ ಪ್ರತಿಯೊಂದು ಸಾಲೂ ನಡೆದ ಸಂಗತಿಯ ವರದಿಯೆಂದು ಒಪ್ಪದಿದ್ದರೆ ತಮ್ಮ ನಂಬಿಕೆಗೆ ಕುಂದೆಂದು ಭಾವಿಸುವ ಶ್ರದ್ಧಾವಂತರೂ ಇದ್ದಾರೆ. ಇಬ್ಬರೂ ಎರಡು ಬೇರೆ ಪ್ರಶ್ನೆಗಳನ್ನು ಒಂದಾಗಿಸುತ್ತಾರೆ. ಒಂದನೆಯ ಶತಮಾನದ ಗಲಿಲಾಯ ಸೀಮೆಯಲ್ಲಿ ಯೇಸು ಎಂಬ ಒಬ್ಬ ಯೆಹೂದಿ ಬೋಧಕನಿದ್ದು, ಅವನನ್ನು ರೋಮನ್ ಅಧಿಕಾರಿ ಶಿಲುಬೆಗೇರಿಸಿ ಕೊಲ್ಲಿಸಿದನೇ ಎಂಬುದು ಮೊದಲನೆಯ ಪ್ರಶ್ನೆ. ಅವನು ನೀರಿನ ಮೇಲೆ ನಡೆದನೇ, ಸತ್ತ ಮೂರನೆಯ ದಿನ ಎದ್ದುಬಂದನೇ ಎಂಬುದು ಎರಡನೆಯದು. ಇತಿಹಾಸ ಓದಿದವನು ಮೊದಲನೆಯದಕ್ಕೆ ಉತ್ತರ ಹುಡುಕಬಹುದು. ಎರಡನೆಯದು ಅವನ ಸಲಕರಣೆಗಳಿಗೆ ಸಿಗುವಂಥದ್ದಲ್ಲ. ಇಲ್ಲಿ ನಾನು ಹೇಳುತ್ತಿರುವುದು ಮೊದಲನೆಯದನ್ನು ಕುರಿತು ಮಾತ್ರ.

ಅಳತೆಗೋಲಾಗಿ ನಮ್ಮದೇ ನೆಲದ ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಬನವಾಸಿಯ ಕದಂಬ ರಾಜ್ಯವನ್ನು ಕಟ್ಟಿದ ಮಯೂರಶರ್ಮನ ಕಥೆ ನಮಗೆ ತಿಳಿದಿರುವುದು ಮುಖ್ಯವಾಗಿ ತಾಳಗುಂದದ ಕಂಬಶಾಸನದಿಂದ. ಬನವಾಸಿಯಿಂದ ಬಹಳ ದೂರವೇನಲ್ಲದ, ಶಿಕಾರಿಪುರ ತಾಲ್ಲೂಕಿನ ಆ ಊರಿನ ಪ್ರಣವೇಶ್ವರ ದೇವಾಲಯದ ಎದುರು ಎಂಟು ಮುಖಗಳ ಕಂಬವೊಂದು ನಿಂತಿದೆ. ಅದರ ಸಂಸ್ಕೃತ ಸಾಲುಗಳು ಅಡ್ಡಕ್ಕೆ ಹರಿಯದೆ ಬುಡದಿಂದ ಮೇಲಕ್ಕೆ ಏರುತ್ತವೆ, ಓದುವವನು ಕತ್ತನ್ನು ಓರೆ ಮಾಡಿಯೇ ಓದಬೇಕು. ಗುರು ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ಓದಲು ಹೋದ ಬ್ರಾಹ್ಮಣ ಯುವಕ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದನೆಂದು ಅದು ಹೇಳುತ್ತದೆ. ಆ ಕಂಬವನ್ನು ಕೆತ್ತಿಸಿದವನು ಮಯೂರಶರ್ಮನಲ್ಲ, ಅವನ ಮಗನೂ ಅಲ್ಲ; ನಾಲ್ಕು ತಲೆಮಾರು ಕಳೆದ ಮೇಲೆ, 5ನೆಯ ಶತಮಾನದ ನಡುಭಾಗದ ಸುಮಾರಿಗೆ, ಅದೇ ವಂಶದ ಶಾಂತಿವರ್ಮ. ಅಂದರೆ ಕಥೆಗೂ ಕಲ್ಲಿಗೂ ನಡುವೆ ಹತ್ತಿರ ಹತ್ತಿರ ನೂರು ವರ್ಷಗಳ ಅಂತರ. ಇನ್ನೂ ಕೆಲವು ಶತಮಾನ ಕಳೆದು ಹಾನಗಲ್ಲು ಮತ್ತು ಗೋವೆಯ ಕದಂಬರ ಕಾಲಕ್ಕೆ ಬಂದರೆ ವಂಶದ ಮೂಲಪುರುಷನು ಶಿವನ ಬೆವರ ಹನಿ ಕದಂಬ ಮರದ ಬುಡದಲ್ಲಿ ಬಿದ್ದು ಹುಟ್ಟಿದ ಮುಕ್ಕಣ್ಣನಾಗುತ್ತಾನೆ. ನಮ್ಮ ಹವ್ಯಕರ ಮನೆಗಳಲ್ಲಿ ಅದೇ ಮಯೂರವರ್ಮನೇ ಅಹಿಚ್ಛತ್ರದಿಂದ ನಮ್ಮ ಹಿರಿಯರನ್ನು ಕರೆತಂದವನು. ಇಷ್ಟೆಲ್ಲ ಕಥೆಗಳು ಮೇಲೆ ಮುಸುಕಿಕೊಂಡಿದ್ದರೂ ಮಯೂರಶರ್ಮನೆಂಬವನೇ ಇರಲಿಲ್ಲವೆಂದು ನಮ್ಮಲ್ಲಿ ಯಾರೂ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ, ಮುಕ್ಕಣ್ಣನ ಕಥೆಯನ್ನು ಬದಿಗಿಟ್ಟು, ಕಾಂಚಿಯ ಜಗಳವನ್ನು ತೂಗಿ ನೋಡಿ, ಹಿಂದೆ ಒಬ್ಬ ಮನುಷ್ಯನಿದ್ದನೆಂದು ಒಪ್ಪುವುದು ಇತಿಹಾಸದ ವಾಡಿಕೆಯ ಕ್ರಮ. ಅದೇ ಕ್ರಮವನ್ನು ನಜರೇತಿನವನಿಗೂ ಅನ್ವಯಿಸಬೇಕೆಂಬುದಷ್ಟೇ ನನ್ನ ವಾದ.

ಹಾಗೆ ಅನ್ವಯಿಸಿದಾಗ ಮೊದಲು ಕೈಗೆ ತೆಗೆದುಕೊಳ್ಳಬೇಕಾದದ್ದು ಸುವಾರ್ತೆಗಳನ್ನಲ್ಲ, ಆರಂಭಕಾಲದ ಕ್ರೈಸ್ತ ಪ್ರಚಾರಕ ಪೌಲನ ಪತ್ರಗಳನ್ನು. ಹೊಸ ಒಡಂಬಡಿಕೆಯಲ್ಲಿ ಸುವಾರ್ತೆಗಳು ಮೊದಲು ಬರುವುದರಿಂದ ಅವೇ ಹಳೆಯವೆಂದು ಬಹಳ ಜನ ತಿಳಿದಿದ್ದಾರೆ. ವಾಸ್ತವವಾಗಿ ಅತ್ಯಂತ ಹಳೆಯದೆಂದು ಎಣಿಸುವ ಮಾರ್ಕನ ಸುವಾರ್ತೆಯೇ ಕ್ರಿ.ಶ. 70ರ ಆಸುಪಾಸಿನದು; ಮತ್ತಾಯ, ಲೂಕರು ಅದಾಗಿ ಹತ್ತಿಪ್ಪತ್ತು ವರ್ಷಗಳಲ್ಲಿ, ಯೋಹಾನನ ಸುವಾರ್ತೆ ಶತಮಾನದ ಕೊನೆಗೆ. ಪೌಲನ ಹೆಸರಿನಲ್ಲಿರುವ ಪತ್ರಗಳಲ್ಲಿ ಏಳು ಅವನವೇ ಎಂಬುದರಲ್ಲಿ ವಿದ್ವಾಂಸರಿಗೆ ಸಂಶಯವಿಲ್ಲ, ಅವು ಹುಟ್ಟಿದ್ದು 50ರ ದಶಕದ ಸುಮಾರಿಗೆ. ಯೇಸುವಿನ ಮರಣವನ್ನು 30ರ ಸುಮಾರಿಗೆ ಇಟ್ಟರೆ ಎರಡರ ನಡುವಿನ ಅಂತರ ಇಪ್ಪತ್ತು, ಇಪ್ಪತ್ತೈದು ವರ್ಷ. ತಾಳಗುಂದದ ಕಂಬಕ್ಕೂ ಮಯೂರಶರ್ಮನಿಗೂ ಇರುವ ಅಂತರದ ಕಾಲು ಭಾಗ ಅದು.

ಆ ಏಳರಲ್ಲಿ ಗಲಾತ್ಯದವರಿಗೆ ಬರೆದ ಪತ್ರದ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಪೌಲ ಅಲ್ಲಿ ಸಿಟ್ಟಿನಲ್ಲಿದ್ದಾನೆ. ತಾನು ಸಾರುವ ಸುವಾರ್ತೆಯನ್ನು ಮನುಷ್ಯರಿಂದ ಕಲಿತದ್ದಲ್ಲ, ನೇರವಾಗಿ ದರ್ಶನದಲ್ಲಿ ಪಡೆದದ್ದು ಎಂದು ಸಾಧಿಸುವುದು ಅವನ ಉದ್ದೇಶ. ಆದ್ದರಿಂದ ಯೆರೂಸಲೇಮಿನ ಹಿರಿಯರೊಡನೆ ತನಗಿದ್ದ ಒಡನಾಟವನ್ನು ಆದಷ್ಟು ಕಿರಿದು ಮಾಡಿ ಹೇಳುತ್ತಾನೆ: ಮೂರು ವರ್ಷಗಳಾದ ಮೇಲೆ ಕೇಫನನ್ನು (ಯೇಸುವಿನ ಶಿಷ್ಯ ಪೇತ್ರನನ್ನು) ಕಾಣಲು ಯೆರೂಸಲೇಮಿಗೆ ಹೋದೆ, ಅವನ ಸಂಗಡ ಹದಿನೈದು ದಿನ ಇದ್ದೆ, ಅಪೊಸ್ತಲರೆಂಬ ಮೊದಲ ಪ್ರಚಾರಕರಲ್ಲಿ ಬೇರೆ ಯಾರನ್ನೂ ಕಾಣಲಿಲ್ಲ, ಕರ್ತನ (ಅಂದರೆ ಯೇಸುವಿನ) ಸಹೋದರನಾದ ಯಾಕೋಬನೊಬ್ಬನನ್ನು ಹೊರತು. ಅದರ ಬೆನ್ನಿಗೇ, ತಾನು ಬರೆಯುತ್ತಿರುವುದರಲ್ಲಿ ಸುಳ್ಳಿಲ್ಲವೆಂದು ದೇವರ ಮುಂದೆ ಆಣೆಯಿಟ್ಟು ಹೇಳುತ್ತಾನೆ. ಯೇಸು ಇದ್ದನೆಂದು ಯಾರಿಗೂ ಸಾಧಿಸಿ ತೋರಿಸುವುದು ಇಲ್ಲಿ ಅವನ ತಲೆಯಲ್ಲೇ ಇಲ್ಲ. ಯಾಕೋಬನ ಭೇಟಿ ಅವನ ವಾದಕ್ಕೆ ಅನುಕೂಲವಾದ ಸಂಗತಿಯೂ ಅಲ್ಲ. ಸಾಧ್ಯವಿದ್ದರೆ ಬಿಟ್ಟೇ ಬಿಡುತ್ತಿದ್ದನೇನೋ, ಆದರೆ ಅದು ಎದುರಾಳಿಗಳಿಗೆ ಗೊತ್ತಿದ್ದ ವಿಷಯವಾದ್ದರಿಂದ ಒಪ್ಪಿಕೊಳ್ಳಬೇಕಾಯಿತು. ಕೋರ್ಟಿನಲ್ಲಿ ಸಾಕ್ಷಿಯೊಬ್ಬ ತನಗೆ ತೊಡಕಾಗುವ ಮಾತನ್ನು ತಾನಾಗಿ ಹೇಳಿದರೆ ಅದಕ್ಕೆ ತೂಕ ಹೆಚ್ಚು. ಮುಂದಿನ ಅಧ್ಯಾಯದಲ್ಲಿ ಇದೇ ಯಾಕೋಬನ ಕಡೆಯವರು ಅಂತಿಯೋಕ್ಯ ಪಟ್ಟಣಕ್ಕೆ ಬಂದಾಗ ಕೇಫನು ಯೆಹೂದ್ಯರಲ್ಲದ ಅನ್ಯಜನರ ಪಂಕ್ತಿಯಿಂದ ಎದ್ದು ದೂರವಾದದ್ದನ್ನೂ, ತಾನು ಎಲ್ಲರೆದುರು ಅವನನ್ನು ಖಂಡಿಸಿದ್ದನ್ನೂ ಪೌಲ ಬರೆಯುತ್ತಾನೆ. ಪಂಕ್ತಿಭೇದದ ಜಗಳ ಎಂಥದ್ದೆಂದು ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಷ್ಟು ನಿಜವಾದ ಮನುಷ್ಯರು ಆ ಪುಟಗಳಲ್ಲಿ ಓಡಾಡುತ್ತಾರೆ.

ಯೇಸು ಪುರಾಣಪುರುಷನೆಂದು ವಾದಿಸುವವರು ಇದಕ್ಕೆ ಕೊಡುವ ಉತ್ತರವೊಂದಿದೆ. ಕ್ರೈಸ್ತರು ಪರಸ್ಪರ ಸಹೋದರರೆಂದೇ ಕರೆದುಕೊಳ್ಳುತ್ತಿದ್ದರು, ಹಾಗಾಗಿ ಕರ್ತನ ಸಹೋದರ ಎಂದರೆ ದೀಕ್ಷೆ ಪಡೆದ ಒಬ್ಬ ಕ್ರೈಸ್ತ ಎಂದಷ್ಟೇ ಎಂದು ಅವರು ಹೇಳುತ್ತಾರೆ. ಈ ಉತ್ತರ ನಿಲ್ಲುವುದಿಲ್ಲ. ಹಾಗಿದ್ದರೆ ಅದೇ ವಾಕ್ಯದಲ್ಲಿ ಕೇಫನಿಗೂ ಆ ಬಿರುದು ಸಲ್ಲಬೇಕಾಗಿತ್ತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪೌಲ, ಉಳಿದ ಅಪೊಸ್ತಲರೂ ಕರ್ತನ ಸಹೋದರರೂ ಕೇಫನೂ ಹೆಂಡತಿಯರನ್ನು ಕರೆದುಕೊಂಡು ಸಂಚರಿಸುತ್ತಾರಲ್ಲ, ನನಗೆ ಆ ಹಕ್ಕು ಇಲ್ಲವೇ ಎಂದು ಕೇಳುತ್ತಾನೆ. ಅಲ್ಲಿ ಕರ್ತನ ಸಹೋದರರು ಅಪೊಸ್ತಲರಿಂದ ಬೇರೆಯಾದ, ಎಲ್ಲರಿಗೂ ಗೊತ್ತಿದ್ದ ಒಂದು ಗುಂಪು. ಕಥೋಲಿಕ ಪರಂಪರೆ ಇವರನ್ನು ಮರಿಯಳ ಮಕ್ಕಳೆಂದು ಒಪ್ಪದೆ ಹತ್ತಿರದ ಬಂಧುಗಳೆಂದು ತಿಳಿಯುತ್ತದೆ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳನ್ನೂ ಅಣ್ಣತಮ್ಮಂದಿರೆಂದೇ ಎಣಿಸುವ ನಮಗೆ ಅದು ವಿಚಿತ್ರವಾಗಿಯೇನೂ ಕಾಣದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ನಮ್ಮ ಪ್ರಶ್ನೆಗೆ ಉತ್ತರ ಒಂದೇ. ಬಂಧುಬಳಗವಿದ್ದು, ಆ ಬಳಗದವನೊಬ್ಬ ಊರಿನಲ್ಲಿ ಮುಖಂಡನಾಗಿದ್ದು, ಅವನನ್ನು ಎದುರಾಎದುರು ಕಂಡು ಮಾತಾಡಿದವನೇ ಬರೆದಿಟ್ಟಿದ್ದಾನೆ ಎಂದಮೇಲೆ ನಡುವಿನ ಮನುಷ್ಯನೊಬ್ಬನನ್ನು ಅಳಿಸಿಹಾಕುವುದು ಬಹಳ ಕಷ್ಟ.

ಈ ಯಾಕೋಬನೇ ಇನ್ನೊಂದು ಕಡೆ, ಕ್ರೈಸ್ತನಲ್ಲದ ಲೇಖಕನ ಬರವಣಿಗೆಯಲ್ಲಿ ಸಿಗುತ್ತಾನೆ. ಫ್ಲೇವಿಯಸ್ ಜೋಸೆಫಸ್ 37ರಲ್ಲಿ ಹುಟ್ಟಿದ ಯೆಹೂದಿ ಪುರೋಹಿತವಂಶದವನು. ರೋಮನರ ಆಶ್ರಯದಲ್ಲಿ ಕುಳಿತು 93ರ ಸುಮಾರಿಗೆ ತನ್ನ ಜನರ ಇತಿಹಾಸವನ್ನು ಇಪ್ಪತ್ತು ಸಂಪುಟಗಳಲ್ಲಿ ಮುಗಿಸಿದ. ಕೊನೆಯ ಸಂಪುಟದಲ್ಲಿ ಅವನು 62ರ ಒಂದು ಘಟನೆಯನ್ನು ಹೇಳುತ್ತಾನೆ. ರೋಮನ್ ಅಧಿಕಾರಿ ಫೆಸ್ತ ತೀರಿಕೊಂಡಿದ್ದ, ಅವನ ಜಾಗಕ್ಕೆ ಬರಬೇಕಾದ ಅಲ್ಬೀನಸ್ ಇನ್ನೂ ದಾರಿಯಲ್ಲಿದ್ದ. ಈ ಎಡೆಯಲ್ಲಿ ಮಹಾಯಾಜಕ ಅನಾನಸನು ಸಭೆ ಕೂಡಿಸಿ, ಕ್ರಿಸ್ತನೆನಿಸಿಕೊಂಡ ಯೇಸುವಿನ ತಮ್ಮನಾದ ಯಾಕೋಬನನ್ನೂ ಬೇರೆ ಕೆಲವರನ್ನೂ ಕಲ್ಲೆಸೆದು ಕೊಲ್ಲಿಸಿದ. ಊರಿನ ನ್ಯಾಯನಿಷ್ಠರು ದೂರು ಕೊಟ್ಟದ್ದರಿಂದ ಮೂರೇ ತಿಂಗಳಿಗೆ ಅವನ ಪದವಿ ಹೋಯಿತು. ಜೋಸೆಫಸನ ಆಸಕ್ತಿ ಅನಾನಸನ ದುಡುಕಿನಲ್ಲಿ ಮಾತ್ರ. ಯಾಕೋಬ ಎಂಬ ಹೆಸರಿನವರು ಬಹಳ ಜನರಿದ್ದುದರಿಂದ ಯಾವ ಯಾಕೋಬ ಎಂದು ತಿಳಿಸಲು ಅಣ್ಣನ ಹೆಸರು ಹೇಳಿ ಮುಂದಕ್ಕೆ ಹೋಗುತ್ತಾನೆ. ಆಗ ಅವನಿಗೆ ಇಪ್ಪತ್ತೈದರ ಹರೆಯ, ಇದ್ದದ್ದೂ ಅದೇ ಊರಿನಲ್ಲಿ. ಇದೇ ಪ್ರಸಂಗದ ಕೊನೆಗೆ ದಮ್ನೇಯಸನ ಮಗ ಯೇಸು ಎಂಬವನು ಮಹಾಯಾಜಕನಾಗುತ್ತಾನೆ. ಯೇಸು ಪುರಾಣಪುರುಷನೆಂದು ವಾದಿಸುವವರಲ್ಲೊಬ್ಬರಾದ ರಿಚರ್ಡ್ ಕ್ಯಾರಿಯರ್ ಅವರು, ಮೂಲದಲ್ಲಿ ಉದ್ದೇಶಿಸಿದ್ದು ಈ ಯೇಸುವನ್ನೇ, ಕ್ರಿಸ್ತನೆನಿಸಿಕೊಂಡ ಎಂಬ ಮಾತು ಆಮೇಲೆ ಸೇರಿದ್ದು ಎಂದು ವಾದಿಸಿದ್ದಾರೆ. ಆದರೆ 3ನೆಯ ಶತಮಾನದ ಕ್ರೈಸ್ತ ವಿದ್ವಾಂಸ ಒರಿಜೆನ್ ಈ ಮಾತನ್ನು ಜೋಸೆಫಸನದೆಂದೇ ಉದ್ಧರಿಸುತ್ತಾನೆ. ಕ್ರೈಸ್ತನೊಬ್ಬ ತಾನಾಗಿ ಸೇರಿಸುವವನಾಗಿದ್ದರೆ ಇಷ್ಟು ಒಣದಾಗಿ, ಇಷ್ಟು ದೂರ ನಿಂತು ಸೇರಿಸುತ್ತಿದ್ದನೆಂದು ನನಗೆ ತೋರುವುದಿಲ್ಲ.

ಅದೇ ಗ್ರಂಥದ ಹದಿನೆಂಟನೆಯ ಸಂಪುಟದಲ್ಲಿ ಯೇಸುವನ್ನು ಕುರಿತ ಇನ್ನೊಂದು ಭಾಗವಿದೆ, ಅದನ್ನು ನಾನು ಸಾಕ್ಷಿಯಾಗಿ ಮುಂದೊಡ್ಡುವುದಿಲ್ಲ. ಅವನೇ ಕ್ರಿಸ್ತನು, ಮೂರನೆಯ ದಿನ ಜೀವಂತನಾಗಿ ಕಾಣಿಸಿಕೊಂಡನು ಎಂದೆಲ್ಲ ಅಲ್ಲಿ ಬರುತ್ತದೆ. ಯೆಹೂದಿಯಾಗಿಯೇ ಉಳಿದ ಜೋಸೆಫಸ್ ಹಾಗೆ ಬರೆದಿರಲಾರ, ಅವನು ಯೇಸುವನ್ನು ಕ್ರಿಸ್ತನೆಂದು ಒಪ್ಪಿರಲಿಲ್ಲವೆಂದು ಒರಿಜೆನ್ನನೇ ಹೇಳಿದ್ದಾನೆ. ಹಸ್ತಪ್ರತಿಗಳನ್ನು ನಕಲು ಮಾಡಿದ ಕ್ರೈಸ್ತರ ಕೈವಾಡ ಅಲ್ಲಿ ಸ್ಪಷ್ಟವಾಗಿದೆ. ಕೆಳಗೆ ಜೋಸೆಫಸನದೇ ಆದ ಒಂದು ಸಣ್ಣ ತಿರುಳು ಇದ್ದಿರಬಹುದೆಂದು ಬಹಳ ವಿದ್ವಾಂಸರು ನಂಬುತ್ತಾರಾದರೂ, ತಿದ್ದಿದ ದಸ್ತೈವಜಿನ ಮೇಲೆ ಹಕ್ಕು ಸಾಧಿಸಲು ಹೋಗದಿರುವುದೇ ಲೇಸು. ರೋಮನ್ ಇತಿಹಾಸಕಾರ ಟ್ಯಾಸಿಟಸ್ 116ರ ಸುಮಾರಿಗೆ, 64ರ ರೋಮ್ ನಗರದ ಬೆಂಕಿಯನ್ನೂ ಚಕ್ರವರ್ತಿ ನೀರೋ ಅದರ ಅಪವಾದವನ್ನು ಕ್ರೈಸ್ತರ ತಲೆಗೆ ಕಟ್ಟಿದ್ದನ್ನೂ ಹೇಳುವಾಗ, ಚಕ್ರವರ್ತಿ ತಿಬೇರಿಯನ ಆಳಿಕೆಯಲ್ಲಿ ಪೊಂತ್ಯ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಟ್ಟನೆಂದು ಬರೆಯುತ್ತಾನೆ. ಅವನಿಗೆ ಕ್ರೈಸ್ತರನ್ನು ಕಂಡರೆ ತಿರಸ್ಕಾರ, ಆದ್ದರಿಂದ ಆ ಸಾಲು ಕ್ರೈಸ್ತನ ಸೇರ್ಪಡೆಯಲ್ಲ. ಆದರೆ ಈ ಸುದ್ದಿ ಅವನಿಗೆ ರೋಮಿನ ಕ್ರೈಸ್ತರಿಂದಲೇ ಸಿಕ್ಕಿದ್ದಿರಬಹುದಾದ್ದರಿಂದ ಅದನ್ನು ಸ್ವತಂತ್ರ ಸಾಕ್ಷಿಯೆಂದು ಬಹಳ ಎತ್ತಿ ಹಿಡಿಯಲಾಗದು.

ಸಮಕಾಲೀನರು ಯಾಕೆ ಬರೆಯಲಿಲ್ಲ ಎಂಬ ಪ್ರಶ್ನೆ ಎಲ್ಲರೂ ಕೇಳುವಂಥದ್ದು. ಅಲೆಕ್ಸಾಂಡ್ರಿಯದ ಯೆಹೂದಿ ತತ್ತ್ವಜ್ಞಾನಿ ಫಿಲೋ ಯೇಸುವಿನ ಕಾಲದಲ್ಲೇ ಇದ್ದವನು, ಪಿಲಾತನ ದರ್ಪವನ್ನು ಕುರಿತು ಬರೆದವನು, ಆದರೆ ಯೇಸುವಿನ ಹೆಸರೆತ್ತಲಿಲ್ಲ. ಇದನ್ನು ತೂಗುವಾಗ ಪಿಲಾತನ ಗತಿಯೇ ಏನಾಯಿತೆಂದು ನೋಡಬೇಕು. 26ರಿಂದ 36ರವರೆಗೆ ಹತ್ತು ವರ್ಷ ಯೂದಾಯವನ್ನು ಆಳಿದ ಅಧಿಕಾರಿಯ ಹೆಸರಿರುವ ಕಲ್ಲು ಸಿಕ್ಕಿದ್ದು 1961ರಲ್ಲಿ, ಕಡಲದಂಡೆಯ ಕೈಸರೈಯದ ಹಳೆಯ ರಂಗಮಂದಿರದಲ್ಲಿ, ಅದೂ ಮೆಟ್ಟಿಲಿಗೆಂದು ಮತ್ತೆ ಬಳಸಿದ್ದ ಒಂದು ಒಡಕು ಕಲ್ಲಾಗಿ. ಆಳಿದವನ ಸ್ಥಿತಿ ಹೀಗಿರುವಾಗ ಅವನಿಂದ ಸತ್ತವನಿಗೆ ಯಾರು ಕಲ್ಲು ನಿಲ್ಲಿಸುತ್ತಿದ್ದರು? ಕ್ರಿ.ಪೂ. 4ರಲ್ಲಿ ಯೂದಾಯದ ಅರಸ ಹೆರೋದ ಸತ್ತಾಗ ಎದ್ದ ದಂಗೆಯನ್ನು ಅಡಗಿಸಲು ವಾರುಸ್ ಎಂಬ ಸೇನಾಧಿಪತಿ ಸುಮಾರು 2000 ಜನರನ್ನು ಶಿಲುಬೆಗೇರಿಸಿದನೆಂದು ಜೋಸೆಫಸ್ ಲೆಕ್ಕ ಕೊಡುತ್ತಾನೆ. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. 1968ರಲ್ಲಿ ಯೆರೂಸಲೇಮಿನ ಉತ್ತರಕ್ಕೆ ಸಮಾಧಿಯೊಂದನ್ನು ಅಗೆದಾಗ, ಎಲುಬುಗಳನ್ನು ತುಂಬಿಟ್ಟ ಕಲ್ಲಿನ ಪೆಟ್ಟಿಗೆಯಲ್ಲಿ ಯೆಹೋಹಾನನ್ ಎಂಬವನ ಹಿಮ್ಮಡಿಯ ಎಲುಬು ಸಿಕ್ಕಿತು, ಕಬ್ಬಿಣದ ಮೊಳೆ ಅದರಲ್ಲಿ ಹಾಗೆಯೇ ಇತ್ತು. ಮೊಳೆಯ ತುದಿ ಮರದ ಗಂಟಿಗೆ ಬಡಿದು ಬಾಗಿದ್ದರಿಂದ ಹೆಣ ಇಳಿಸುವಾಗ ಕೀಳಲಾಗಿರಲಿಲ್ಲವೆಂದು ಊಹಿಸುತ್ತಾರೆ. ಅಂಥ ಒಂದು ಆಕಸ್ಮಿಕವಾಗಿರದಿದ್ದರೆ ಅವನೂ ಗುರುತಿಲ್ಲದೆ ಹೋಗುತ್ತಿದ್ದ. ಗಲಿಲಾಯದ ಹಳ್ಳಿಯೊಂದರ ಬಡಗಿಯ ಮಗನಿಗೆ ಅವನ ಮರಣದ ನಂತರದ ನೂರು ವರ್ಷಗಳೊಳಗೆ ಇಷ್ಟು ದಾಖಲೆಗಳಿರುವುದೇ ಹೆಚ್ಚು.

ಸುವಾರ್ತೆಗಳನ್ನು ನಾನು ಇಷ್ಟು ಹೊತ್ತು ದೂರ ಇಟ್ಟದ್ದಕ್ಕೆ ಕಾರಣ ಅವುಗಳಲ್ಲಿ ನಂಬಿಕೆಯೂ ನೆನಪೂ ಒಂದರೊಳಗೊಂದು ಬೆರೆತಿರುವುದು. ಆದರೂ ಅವುಗಳನ್ನು ಕಾಲಕ್ರಮದಲ್ಲಿ ಪಕ್ಕಪಕ್ಕದಲ್ಲಿಟ್ಟು ಓದಿದರೆ ಮೇಲಿನ ಪದರದ ಕೆಳಗೆ ಏನಿತ್ತೆಂಬುದು ಕೆಲವೆಡೆ ಚೆನ್ನಾಗಿ ಕಾಣುತ್ತದೆ. ಯೊರ್ದನ್ ಹೊಳೆಯಲ್ಲಿ ಸ್ನಾನಿಕನಾದ ಯೋಹಾನನಿಂದ ಯೇಸು ದೀಕ್ಷಾಸ್ನಾನ ಪಡೆದ ಪ್ರಸಂಗವನ್ನೇ ತೆಗೆದುಕೊಳ್ಳಿ. ಪಾಪಗಳ ಕ್ಷಮೆಗಾಗಿ ಕೊಡುವ ಸ್ನಾನವನ್ನು ಪಾಪರಹಿತನೆಂದು ತಾವು ನಂಬಿದವನು ಇನ್ನೊಬ್ಬನಿಂದ ಪಡೆದನೆಂದರೆ ಆರಂಭದ ಕ್ರೈಸ್ತರಿಗೆ ಅದು ಇಕ್ಕಟ್ಟಿನ ಸಂಗತಿ. ಮಾರ್ಕ ಏನೂ ಸಮಜಾಯಿಷಿ ಕೊಡದೆ ಯೇಸು ಬಂದು ಸ್ನಾನ ಮಾಡಿಸಿಕೊಂಡನೆಂದು ಹೇಳಿಬಿಡುತ್ತಾನೆ. ಮತ್ತಾಯನ ಕೈಯಲ್ಲಿ ಯೋಹಾನ ಹಿಂಜರಿದು, ನಾನೇ ನಿನ್ನಿಂದ ಸ್ನಾನ ಪಡೆಯಬೇಕಾದವನು ಎನ್ನುತ್ತಾನೆ. ಲೂಕ ಮೊದಲು ಯೋಹಾನನನ್ನು ಸೆರೆಮನೆಗೆ ಕಳಿಸಿದ ಸುದ್ದಿ ಹೇಳಿ ಆಮೇಲೆ ಯೇಸುವಿನ ಸ್ನಾನವನ್ನು ಮಾಡಿಸಿದವನ ಹೆಸರಿಲ್ಲದೆ ಮುಗಿಸುತ್ತಾನೆ. ನಾಲ್ಕನೆಯ ಸುವಾರ್ತೆಗೆ ಬಂದರೆ ಸ್ನಾನವೇ ಇಲ್ಲ, ಯೋಹಾನ ಬರಿಯ ಸಾಕ್ಷಿಯಾಗಿ ನಿಲ್ಲುತ್ತಾನೆ. ತಾವೇ ಕಟ್ಟಿದ ಕಥೆಯಾಗಿದ್ದರೆ ಅದನ್ನು ಮುಚ್ಚಿಕೊಳ್ಳಲು ಮೂರು ತಲೆಮಾರು ಹೀಗೆ ಒದ್ದಾಡಬೇಕಾದ ಕಾರಣವೇನು? ನಡೆದದ್ದು ಎಲ್ಲರಿಗೂ ಗೊತ್ತಿತ್ತು, ಅಳಿಸಲಾಗದೆ ತೇಪೆ ಹಚ್ಚಿದರು ಎಂಬುದೊಂದೇ ನನಗೆ ಒಪ್ಪುವ ವಿವರಣೆ.

ಜನನದ ಕಥೆಯಲ್ಲೂ ಇದೇ ಒದ್ದಾಟವಿದೆ. ಯೆಹೂದ್ಯರು ಎದುರುನೋಡುತ್ತಿದ್ದ ರಕ್ಷಕನಾದ ಮೆಸ್ಸೀಯನು ಹಿಂದಿನ ಅರಸ ದಾವೀದನ ಊರಾದ ಬೆತ್ಲೆಹೇಮಿನಲ್ಲಿ ಹುಟ್ಟಬೇಕೆಂದು ನಿರೀಕ್ಷೆ, ಆದರೆ ಯೇಸು ನಜರೇತಿನವನೆಂದು ಲೋಕಕ್ಕೆಲ್ಲ ಗೊತ್ತು. ನಜರೇತೋ ಹಳೆಯ ಒಡಂಬಡಿಕೆಯಲ್ಲಿ ಒಮ್ಮೆಯೂ ಹೆಸರು ಬಾರದ ಹಳ್ಳಿ. ಮತ್ತಾಯನ ಪ್ರಕಾರ ಕುಟುಂಬ ಮೊದಲೇ ಬೆತ್ಲೆಹೇಮಿನದು, ಹೆರೋದನ ಭಯದಿಂದ ಐಗುಪ್ತಕ್ಕೆ ಹೋಗಿ ಆಮೇಲೆ ನಜರೇತಿನಲ್ಲಿ ನೆಲೆಸಿತು. ಲೂಕನ ಪ್ರಕಾರ ಅವರು ನಜರೇತಿನವರೇ, ಸಿರಿಯದ ರೋಮನ್ ಅಧಿಪತಿ ಕುರೇನ್ಯನ ಕಾಲದ ಜನಗಣತಿಗೆಂದು ಬೆತ್ಲೆಹೇಮಿಗೆ ಹೋದಾಗ ಮಗು ಹುಟ್ಟಿತು. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ, ಕುರೇನ್ಯನ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ, ಎರಡನ್ನೂ ಒಟ್ಟಿಗೆ ನಿಲ್ಲಿಸಲಾಗದು. ಪ್ರತಿವರ್ಷ ಕ್ರಿಸ್‌ಮಸ್ಸಿಗೆ ಕಾರವಾರದ ಮನೆಗಳಲ್ಲಿ ಹುಲ್ಲು ಹಾಸಿ ಕೂರಿಸುವ ಗೋದಲಿಯಲ್ಲಿ ಲೂಕನ ಕುರುಬರೂ ಮತ್ತಾಯನ ಜೋಯಿಸರೂ ಒಟ್ಟಿಗೆ ನಿಂತಿರುತ್ತಾರೆ. ಆ ದೃಶ್ಯ ನನಗೆ ಪ್ರಿಯವಾದದ್ದು, ಆದರೆ ಅದು ಇತಿಹಾಸವಲ್ಲ. ಇತಿಹಾಸವೆಂದು ಉಳಿಯುವುದು ನಜರೇತು ಒಂದೇ. ಪೂರ್ತಿ ಕಲ್ಪಿತ ನಾಯಕನಾಗಿದ್ದರೆ ಅವನನ್ನು ನೇರವಾಗಿ ಬೆತ್ಲೆಹೇಮಿನವನೆಂದು ಬರೆದು ಮುಗಿಸುತ್ತಿದ್ದರು.

ಎದುರು ಪಕ್ಷದವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. 19ನೆಯ ಶತಮಾನದಲ್ಲಿ ಬ್ರೂನೋ ಬಾವರ್, 1909ರಲ್ಲಿ ಆರ್ಥರ್ ಡ್ರೂಸ್, ನಮ್ಮ ಕಾಲದಲ್ಲಿ ಅರ್ಲ್ ಡೊಹರ್ಟಿ ಮತ್ತು ಕ್ಯಾರಿಯರ್ ಈ ವಾದವನ್ನು ಕಟ್ಟಿದವರಲ್ಲಿ ಮುಖ್ಯರು. ಇವರ ವಾದದ ಅತ್ಯಂತ ಗಟ್ಟಿಯಾದ ಭಾಗ ಪೌಲನ ಮೌನವನ್ನು ಕುರಿತದ್ದು. ಪೌಲನ ಪತ್ರಗಳಲ್ಲಿ ಯೇಸು ಹೇಳಿದ ಸಾಮತಿಗಳೆಂಬ ದೃಷ್ಟಾಂತಕಥೆಗಳಿಲ್ಲ, ಪವಾಡಗಳಿಲ್ಲ, ಪಿಲಾತನ ಹೆಸರಿಲ್ಲ, ಗಲಿಲಾಯವಿಲ್ಲ. ಪೌಲನ ಕ್ರಿಸ್ತನು ಮೊದಲಿಗೆ ಆಕಾಶಲೋಕದಲ್ಲಿ ದುಷ್ಟಶಕ್ತಿಗಳ ಕೈಯಲ್ಲಿ ಸತ್ತೆದ್ದ ದಿವ್ಯಪುರುಷನಾಗಿದ್ದು, ಆಮೇಲೆ ಸುವಾರ್ತೆ ಬರೆದವರು ಅವನನ್ನು ಭೂಮಿಗೆ ಇಳಿಸಿದರು ಎಂದು ಅವರು ಹೇಳುತ್ತಾರೆ. ಮೌನ ನಿಜ, ನನ್ನನ್ನೂ ಅದು ಬಹಳ ಕಾಡಿದೆ. ಆದರೆ ಪೂರ್ತಿ ಮೌನವಲ್ಲ: ಅವನು ಸ್ತ್ರೀಯಲ್ಲಿ ಹುಟ್ಟಿದನು, ದಾವೀದನ ವಂಶದವನು, ವಿವಾಹ ವಿಚ್ಛೇದನ ಕೂಡದೆಂದು ಹೇಳಿದನು, ಹಿಡಿದುಕೊಡಲ್ಪಟ್ಟ ರಾತ್ರಿ ರೊಟ್ಟಿ ಮುರಿದನು, ಸತ್ತು ಹೂಳಲ್ಪಟ್ಟನು ಎಂದು ಪೌಲ ಅಲ್ಲಲ್ಲಿ ಹೇಳುತ್ತಾನೆ. ಆಕಾಶದಲ್ಲಿ ಹೂಳುವ ನೆಲವಾಗಲಿ ಹೆಂಡತಿಯನ್ನು ಕರೆದುಕೊಂಡು ಊರೂರು ತಿರುಗುವ ತಮ್ಮಂದಿರಾಗಲಿ ಇರುವುದಿಲ್ಲ. ಇನ್ನೂ ಮುಖ್ಯವಾದ ಮಾತು, ಶಿಲುಬೆಗೇರಿದ ಮೆಸ್ಸೀಯನೆಂಬುದು ಯೆಹೂದ್ಯರಿಗೆ ಎಡವುಗಲ್ಲು, ಗ್ರೀಕರಿಗೆ ಹುಚ್ಚುಮಾತು ಎಂದು ಪೌಲನೇ ಒಪ್ಪಿಕೊಳ್ಳುತ್ತಾನೆ. ಜನರನ್ನು ಸೆಳೆಯಲೆಂದು ದೇವರನ್ನು ಸೃಷ್ಟಿಸುವವರು ಅವನಿಗೆ ಗುಲಾಮರ, ದಂಗೆಕೋರರ ಸಾವನ್ನು ಕೊಡುವುದಿಲ್ಲ. ಸಾವು ಹಾಗೆಯೇ ಆಗಿತ್ತು. ಅದಕ್ಕೆ ಅರ್ಥ ಕೊಡಲು ಹೊರಟವರಿಂದ ಧರ್ಮ ಹುಟ್ಟಿತು.

ನಮ್ಮ ಮೊಬೈಲುಗಳಿಗೆ ಬರುವುದು ದುರದೃಷ್ಟವಶಾತ್ ಈ ಗಟ್ಟಿ ವಾದವಲ್ಲ. ಯೇಸುವಿನ ಕಥೆ ಕೃಷ್ಣನ ಕಥೆಯ ನಕಲು, ಕೃಷ್ಣನೂ ಡಿಸೆಂಬರ್ 25ರಂದು ಕನ್ಯೆಯ ಮಗನಾಗಿ ಹುಟ್ಟಿದ, ಅವನನ್ನೂ ಶಿಲುಬೆಗೇರಿಸಿದರು ಎಂಬ ಪಟ್ಟಿಯೊಂದು ಓಡಾಡುತ್ತಿದೆ. 1875ರಲ್ಲಿ ಅಮೆರಿಕದ ಕರ್ಸಿ ಗ್ರೇವ್ಸ್ ಎಂಬಾತ ಪ್ರಚಾರ ಮಾಡಿದ ಸರಕು ಇದು. ಕೃಷ್ಣ ದೇವಕಿಯ ಎಂಟನೆಯ ಮಗು, ಹುಟ್ಟಿದ್ದು ಶ್ರಾವಣದ ಅಷ್ಟಮಿಯಂದು, ತೀರಿಕೊಂಡದ್ದು ಜರನೆಂಬ ಬೇಡನ ಬಾಣ ಪಾದಕ್ಕೆ ತಾಗಿ ಎಂಬುದು ಒಂದು ತಾಳಮದ್ದಳೆ ಕೇಳಿದ ಯಾರಿಗಾದರೂ ಗೊತ್ತು. ಹಾಗಿದ್ದೂ ನಮ್ಮವರೇ ಇದನ್ನು ಮುಂದಕ್ಕೆ ಕಳಿಸುತ್ತಿರುವುದನ್ನು ಕಂಡು ನನಗೆ ನಿಜವಾಗಿ ನೋವಾಗುತ್ತದೆ, ಏಕೆಂದರೆ ಇದರಲ್ಲಿ ಯೇಸುವಿಗಿಂತ ಹೆಚ್ಚು ಅನ್ಯಾಯವಾಗಿರುವುದು ಭಾಗವತಕ್ಕೆ. ಡಿಸೆಂಬರ್ 25 ಎಂಬ ತಾರೀಖು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ, ಅದು ರೋಮಿನಲ್ಲಿ 4ನೆಯ ಶತಮಾನಕ್ಕೆ ನೆಲೆಯಾದದ್ದು. ಯೇಸು ಭಾರತಕ್ಕೆ ಬಂದು ಕಲಿತನೆಂಬ ಕಥೆಯೂ ಅಷ್ಟೇ ಟೊಳ್ಳು: ಲಡಾಖಿನ ಹೇಮಿಸ್ ಮಠದಲ್ಲಿ ಅದರ ಹಸ್ತಪ್ರತಿ ಕಂಡೆನೆಂದು ರಷ್ಯದ ನೊಟೊವಿಚ್ 1894ರಲ್ಲಿ ಪ್ರಕಟಿಸಿದ, ಮರುವರ್ಷ ಅಲ್ಲಿಗೇ ಹೋಗಿ ವಿಚಾರಿಸಿದ ಆಗ್ರಾದ ಪ್ರಾಧ್ಯಾಪಕ ಡಗ್ಲಸ್‌ಗೆ ಮಠದ ಮುಖ್ಯ ಲಾಮಾ ಅಂಥದ್ದೇನೂ ಇಲ್ಲವೆಂದು ಸ್ಪಷ್ಟವಾಗಿ ಹೇಳಿದರು.

ಐತಿಹಾಸಿಕ ಯೇಸುವಿನಲ್ಲಿ ತನಗೆ ಆಸಕ್ತಿಯಿಲ್ಲ, ಅಂಥವನು ಇರಲೇ ಇಲ್ಲವೆಂದು ಯಾರಾದರೂ ಸಾಧಿಸಿದರೂ ಯೇಸುವಿನ ಬೋಧನೆಯೆನಿಸಿದ ಪರ್ವತ ಪ್ರಸಂಗ ತನ್ನ ಪಾಲಿಗೆ ಸತ್ಯವಾಗಿಯೇ ಉಳಿಯುತ್ತದೆ ಎಂದು ಗಾಂಧೀಜಿ 1931ರ ಕ್ರಿಸ್‌ಮಸ್ ದಿನ, ದುಂಡುಮೇಜಿನ ಪರಿಷತ್ತು ಮುಗಿಸಿ ಮರಳುವ ಹಡಗಿನಲ್ಲಿ ಹೇಳಿದ್ದರು. ಸಾಧಕನೊಬ್ಬನಿಗೆ ಆ ನಿಲುವು ಸಾಕು. ಆದರೆ ನನಗೆ ಆ ಮನುಷ್ಯ ಇದ್ದನೋ ಇಲ್ಲವೋ ಎಂಬುದು ಮುಖ್ಯವೇ ಹೌದು. ಸಾಮ್ರಾಜ್ಯವೊಂದು ಅಂಚಿನ ಸೀಮೆಯ ಬಡವನೊಬ್ಬನನ್ನು ಊರ ಹೊರಗೆ ಮರಕ್ಕೆ ಮೊಳೆ ಹೊಡೆದು ಕೊಂದದ್ದು ನಿಜವಾಗಿದ್ದರೆ, ಅದನ್ನು ಕೇವಲ ಸಂಕೇತವೆಂದು ಕರೆಯುವುದು ಸತ್ತವನಿಗೆ ಮಾಡುವ ಎರಡನೆಯ ಅನ್ಯಾಯ.

ನನ್ನ ತೀರ್ಮಾನದ ಮಿತಿಯನ್ನೂ ಹೇಳಿಬಿಡುತ್ತೇನೆ. ಗಲಿಲಾಯದ ನಜರೇತಿನವನು, ಯೋಹಾನನಿಂದ ದೀಕ್ಷೆ ಪಡೆದವನು, ದೇವರ ರಾಜ್ಯ ಹತ್ತಿರವಾಯಿತೆಂದು ಸಾರಿ ಶಿಷ್ಯರನ್ನು ಕೂಡಿಸಿದವನು, ಯಾಕೋಬನ ಬಂಧು, ಪಿಲಾತನ ಆಜ್ಞೆಯಿಂದ ಶಿಲುಬೆಯ ಮೇಲೆ ಸತ್ತವನು: ಇಷ್ಟನ್ನು ಇತಿಹಾಸವೆಂದು ಒಪ್ಪಲು ನನಗೆ ಅಡ್ಡಿಯಿಲ್ಲ, ಮತ್ತು ಈ ಕ್ಷೇತ್ರದಲ್ಲಿ ದುಡಿದ ಕ್ರೈಸ್ತ, ಯೆಹೂದಿ, ನಾಸ್ತಿಕ ವಿದ್ವಾಂಸರ ಬಹುದೊಡ್ಡ ಪಾಲು ಇದನ್ನೇ ಹೇಳುತ್ತದೆ, ಯಾವ ದೇವರನ್ನೂ ನಂಬದ ಬಾರ್ಟ್ ಅರ್ಮನ್ 2012ರಲ್ಲಿ ಒಂದು ಇಡೀ ಪುಸ್ತಕವನ್ನೇ ಇದಕ್ಕೆ ಮೀಸಲಿಟ್ಟರು. ಇದರಾಚೆಗೆ ಅವನ ಮಾತುಗಳೆಂದು ನಾವು ಓದುವವುಗಳಲ್ಲಿ ಎಷ್ಟು ಅವನವು ಎಂಬುದರ ಬಗ್ಗೆ ನಾನು ಪಂಥ ಕಟ್ಟಲಾರೆ. ಇಡೀ ವಾದದ ನಡುಗಂಬವಾಗಿ ನಾನು ನಿಲ್ಲಿಸಿರುವುದು ಗಲಾತ್ಯ ಪತ್ರದ ಒಂದು ಸಾಲನ್ನು. ಪೌಲನ ಪತ್ರಗಳ ಅತ್ಯಂತ ಹಳೆಯ ಸಂಗ್ರಹವಾಗಿ ನಮಗೆ ಉಳಿದಿರುವ ಪಪೈರಸ್ ಪ್ರತಿ 200ರ ಸುಮಾರಿನದು, ಅದರ ಹಾಳೆಗಳು ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹಾಲಯದಲ್ಲೂ ಮಿಶಿಗನ್ ವಿಶ್ವವಿದ್ಯಾಲಯದಲ್ಲೂ ಹಂಚಿಹೋಗಿವೆ. ಅಂದರೆ ಬರೆದದ್ದಕ್ಕೂ ಉಳಿದದ್ದಕ್ಕೂ ನಡುವೆ ಸುಮಾರು ನೂರೈವತ್ತು ವರ್ಷಗಳ ತೆರಪು. ಈಜಿಪ್ತಿನ ಮರಳಿನಿಂದ ನಾಳೆ ಇನ್ನೂ ಹಳೆಯದೊಂದು ಪ್ರತಿ ಎದ್ದುಬಂದು, ಅದರಲ್ಲಿ ಕರ್ತನ ಸಹೋದರನಾದ ಯಾಕೋಬನ ಮಾತು ಇಲ್ಲದೇ ಹೋದರೆ, ಈ ಬರಹದ ಅರ್ಧಕ್ಕಿಂತ ಹೆಚ್ಚಿನದನ್ನು ನಾನು ಹೊಸದಾಗಿ ಬರೆಯಬೇಕಾಗುತ್ತದೆ.